ತಾರಸಿಯ ಮೇಲೆ ಕಟಿಂಗ್

ಕಚ ಕಚ, ಕೂದಲಿಗಿಂತ ಕತ್ತರಿಯದೇ ಸದ್ದು ಜಾಸ್ತಿ, ಬಿದ್ದ ಕೂದಲು ಬಿಸಿಲಲ್ಲಿ ಅರ್ಧ ಕಪ್ಪು ಅರ್ಧ ಬಿಳಿ, ಗಾಳಿ ಬಂದರೆ ಹಾರಿ ಬಸಳೆ ಬಕೆಟಿಗೇ ಬೀಳುತ್ತದೆ, ಬೀಳಲಿ, ಕೂದಲೂ ಗೊಬ್ಬರವೇ ಅಂತ ಮೊಬೈಲಿನಲ್ಲಿ ಯಾರೋ ಹೇಳುತ್ತಿದ್ದರು, ಈ ಮನೆಯಲ್ಲಿ ಗೊಬ್ಬರವಾಗದೆ ಉಳಿದವರು ನಾವಿಬ್ಬರೇ — ತಲೆ ಅಲ್ಲಾಡಿಸ್ಬೇಡ್ರೀ, ಕಿವಿ ಹೋದ್ರೆ ನನ್ನ ಕೇಳ್ಬೇಡಿ, ಅಂದೆ. ಹೋಗ್ಲಿ ಬಿಡು ಮಾರಾಯ್ತಿ, ನಿನ್ ಮಾತು ಕೇಳಕ್ಕೆ ಒಂದು ಕಿವಿ ಸಾಕು, ಅಂದರು ನಮ್ಮ ಮನೆಯವರು. ಇವರು ಯಾವಾಗಲೂ ಹೀಗೇ, ಎರಡು ವರ್ಷದ ಹಿಂದೆ ಇವರ ಬೈಕ್ ಶೋರೂಮ್ ಬಾಗಿಲು ಹಾಕಿದಾಗ ನಾನು ಮೂರು ದಿನ ಊಟ ಬಿಟ್ಟು ಮಲಗಿದ್ದೆ, ಇವರು ನಾಲ್ಕನೇ ದಿನ ಹಳೇ ಸೈಕಲ್ಲಿಗೆ ಗಾಳಿ ಹೊಡೆಸಿಕೊಂಡು ಬಂದು, ರಂಜಿನೀ, ಇನ್ಮೇಲೆ ನಾವು ರಾಗಿಗುಡ್ಡದ ಋಷಿಗಳು ಕಣೇ, ಬೇಕಾದ್ದು ಬೆಳ್ಕೊಳ್ಳೋಣ, ಬೇಡದ್ದು ಬಿಡೋಣ, ಅಂದರು, ನಗುತ್ತಲೇ. ಹಾಗೆ ಶುರುವಾಯಿತು, ಪೇಂಟ್ ಬಕೆಟಿನಲ್ಲಿ ಬಸಳೆ, ಪಾತ್ರೆಗೆ ಅಂಟುವಾಳದ ನೀರು, ಹಳೇ ಸೀರೆ ಹರಿದು ಹೊಲಿದ ಸಂತೆಚೀಲ, ಇವರು ವರಾಂಡದಲ್ಲಿ ಕೂತು ಊರವರ ಮಿಕ್ಸಿ ಫ್ಯಾನು ರಿಪೇರಿ, ಮೊದಮೊದಲು ಅಳು ಬರುತ್ತಿತ್ತು, ಆಮೇಲೆ ನನಗೇ ರುಚಿ ಹತ್ತಿತು, ಪಕ್ಕದ ಮನೆಯ ಶ್ರೀಗೌರಿಯ ಹತ್ತಿರ ಜಂಬ ಬೇರೆ ಕೊಚ್ಚಿದ್ದೇನೆ, ನಮ್ಮನೆಯವ್ರಿಗೆ ಚಿಂತೆ ಅನ್ನೋದೇ ಗೊತ್ತಿಲ್ಲ ಕಣ್ರೀ, ಎಲ್ಲಾನೂ ನಗಾಡ್ತಾ ಒಪ್ಕೊಂಡ್ರು ಅಂತ.

ಒಂದಕ್ಕೆ ಮಾತ್ರ ಬಗ್ಗಲಿಲ್ಲ, ಕಟಿಂಗಿಗೆ. ಇಲ್ಲಿಂದ ಆಲ್ಕೊಳದವರೆಗೆ ಹೆಜ್ಜೆಗೊಂದು ಸಲೂನಿದ್ದರೂ ಇವರಿಗೆ ಭದ್ರಾವತಿಯೇ ಆಗಬೇಕು, ಕಾರ್ಖಾನೆ ಗೇಟಿನ ಹತ್ತಿರದ ಮುರುಗೇಶಣ್ಣನೇ ಆಗಬೇಕು, ಇವರು ಅಲ್ಲಿನ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗ, ಮೊದಲ ಮೀಸೆಯಿಂದ ನಮ್ಮ ಮದುವೆಯ ಹಿಂದಿನ ದಿನದ ಕ್ಷೌರದವರೆಗೆ ಅವರ ಕೈಯೇ, ಸರಿ, ಆದರೂ ತಲೆಗೂದಲಿಗೋಸ್ಕರ ತಿಂಗಳು ತಿಂಗಳು ಬಸ್ಸು ಹತ್ತುವುದೇ, ಬಸ್ಸು ನಂಗೆ ಫ್ರೀ, ನಿಮ್ಗಲ್ಲ, ಬೇಕಾದ್ರೆ ನಿಮ್ ತಲೆನ ಚೀಲದಲ್ಲಿ ಹಾಕ್ಕೊಡಿ, ನಾನೇ ಹೋಗಿ ಮಾಡಿಸ್ಕೊಂಡು ಬರ್ತೀನಿ, ಅಂದೆ ಇವತ್ತು ಬೆಳಿಗ್ಗೆ. ನಕ್ಕರು, ಆಮೇಲೆ ಯಾಕೋ ನಗು ನಿಲ್ಲಿಸಿದರು, ತಾವೇ ಟವೆಲ್ ಹೊದ್ದು ಸ್ಟೂಲಿನ ಮೇಲೆ ಬಂದು ಕೂತರು, ನೋಡ್ಕೊಂಡು ಮಾಡು, ಅಂದರು. ನೋಡಿಕೊಂಡೇ ಮಾಡುತ್ತಿದ್ದೇನೆ, ನಾಳೆ ಭದ್ರಾವತಿಯಲ್ಲಿ ಮೈತ್ರಿಯ ಮದುವೆ, ಇವರ ತಮ್ಮನ ಮಗಳು, ತಮ್ಮ ತೀರಿಕೊಂಡು ಐದು ವರ್ಷವಾಯಿತು, ಧಾರೆ ಎರೆಯಬೇಕಾದವರು ನಾವಿಬ್ಬರು, ಮಂಟಪದ ಎರಡೂ ಕಡೆ ಗೋಡೆಯಷ್ಟು ದೊಡ್ಡ ಪರದೆಯಂತೆ, ತಲೆಯ ಮೇಲೆ ಹಾರಾಡುವ ಕ್ಯಾಮೆರಾವಂತೆ, ಎದುರಿಗೆ ನಮ್ಮನ್ನು ಕಂಜೂಸ್ ಜೋಡಿ ಅಂತ ಆಡಿಕೊಳ್ಳುವ ನೆಂಟರೆಲ್ಲ, ಇವರು ಅವರ ಮುಂದೆ ರಾಜನ ಹಾಗೆ ಕೂರಬೇಕು, ಒಬ್ಬರೂ ನಗಬಾರದು, ನನಗೆ ಅಷ್ಟೇ ಬೇಕಾಗಿರುವುದು — ಸ್ವಲ್ಪ ಬಗ್ಗಿ, ಹಾಂ, ಹಾಗೇ ಇರಿ. ಬಾಚಣಿಗೆಗೆ ಸಿಕ್ಕಷ್ಟು ಎತ್ತಿ ಕತ್ತರಿ ಹಾಕಿದೆ, ಕಚಕ್ — ಅಯ್ಯೋ.

ಏನಿದು, ಹಿಂದಲೆಯಲ್ಲಿ, ಎಂಟಾಣೆ ಅಗಲ, ದುಂಡಗೆ, ಒಂದೇ ಒಂದು ಕೂದಲಿಲ್ಲ. ನಾನು ಮಾಡಿದ್ದಲ್ಲ, ಯಾವ ಕತ್ತರಿಯೂ ಇಷ್ಟು ನುಣ್ಣಗೆ ಮಾಡುವುದಿಲ್ಲ, ಮೇಲಿನ ಉದ್ದ ಕೂದಲು ಇದನ್ನು ಮುಚ್ಚಿಕೊಂಡಿತ್ತು, ಆ ಉದ್ದ ಕೂದಲು ಈಗ ನನ್ನ ಕಾಲ ಹತ್ತಿರ ಬಿದ್ದಿದೆ. ಯಾಕೆ ನಿಲ್ಸಿದೆ, ಅನ್ನುತ್ತಾರೆ. ಕತ್ತರಿ ಮೊಂಡು, ಅನ್ನುತ್ತೇನೆ. ತನ್ನ ಹಿಂದಲೆ ಯಾರಿಗೆ ಕಾಣುತ್ತದೆ, ಪಾಪ, ಇವರಿಗೆ ಗೊತ್ತೇ ಇಲ್ಲ, ಗೊತ್ತಾದರೆ ನಾಳೆ ಮನೆ ಬಿಟ್ಟು ಹೊರಡುವುದಿಲ್ಲ, ಪೇಟ ಹಾಕಿಸಿದರೆ ಅದರ ಕೆಳಗೆ ಸರಿಯಾಗಿ ಇದೊಂದೇ ಎದ್ದು ಕಾಣುತ್ತದೆ, ಏನು ಮಾಡಲಿ, ಮೈತ್ರಿಗೆಂದು ಮೊನ್ನೆ ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ತೆಗೆದ ಕಾಡಿಗೆ ಇದೆಯಲ್ಲ, ನಾಳೆ ಸ್ನಾನವಾದ ಮೇಲೆ ಹಚ್ಚಿದರಾಯಿತು, ಕೂರುತ್ತದೋ ಇಲ್ಲವೋ ಈಗಲೇ ನೋಡಿಬಿಡಬೇಕು — ಇರಿ ಬಂದೆ ಅಂತ ಓಡಿ, ಬಟ್ಟಲು ತಂದು, ಬೆರಳಿಗೆ ಬಳಿದುಕೊಂಡು, ಕೂದಲು ಒರೆಸುವ ನೆಪದಲ್ಲಿ ಕೈ ಹತ್ತಿರ ತಂದರೆ, ಕಾಡಿಗೆ ತಾನೇ, ಹಚ್ಚು ಹಚ್ಚು, ಅಂದರು ಇವರು, ತಿರುಗದೆ. ಮದ್ವೆ ಗಿದ್ವೆ ಇದ್ರೆ ಮುರುಗೇಶನೂ ಅದನ್ನೇ ಹಚ್ತಿದ್ದ, ಮಿಕ್ಕಿದ್ ದಿನ ಮೇಲಿನ ಕೂದ್ಲು ಬಿಟ್ಟು ಮುಚ್ತಿದ್ದ. ನಿಮ್ಗೆ ಗೊತ್ತಿತ್ತಾ, ಅಂದೆ. ನನ್ ತಲೆ ಅಲ್ವೇನೇ, ಅಂದರು. ಯಾವಾಗಿಂದ್ರೀ. ಟವೆಲಿನ ಮೇಲೆ ಬಿದ್ದ ಕೂದಲು ಕೊಡವಿದರು. ಶೋರೂಮ್ ಮುಚ್ತಲ್ಲ, ಆವಾಗ ಉದುರ್ತು, ಡಾಕ್ಟ್ರು ಚಿಂತೆ ಬಿಡಿ ತಾನೇ ಬರುತ್ತೆ ಅಂದ್ರು, ನೀನು ಊಟ ಬಿಟ್ಟು ಮಲ್ಗಿದ್ದೆ, ಇದೊಂದು ಬೇರೆ ನಿಂಗೆ ಯಾಕೆ ಅಂತ.

ಅದಕ್ಕೇ ಎರಡು ದೀಪಾವಳಿ ಎಣ್ಣೆಯನ್ನೂ ತಾವೇ ಹಚ್ಚಿಕೊಂಡರು, ಅದಕ್ಕೇ ಆ ಬಸ್ಸು, ನಗುವ ಮುಖವನ್ನು ನನ್ನ ಕಡೆ ಇಟ್ಟು ಇದನ್ನು ಹಿಂದೆ ಹೊತ್ತುಕೊಂಡು ತಿಂಗಳು ತಿಂಗಳು ಹೋಗಿ ಬಂದರು, ಇವತ್ತು ನಾನು ಹಟ ಹಿಡಿದೆ ಅಂತ ಸುಮ್ಮನೆ ಬಂದು ತಲೆ ಬಗ್ಗಿಸಿದರು, ಇವರ ಮೇಲೆ ಸಿಟ್ಟು ಬರಬೇಕು ನನಗೆ, ಬರುತ್ತಿಲ್ಲ, ಬರುತ್ತಿರುವುದು ಬರೀ ಪ್ರೀತಿ. ಹಚ್ಚೇ ಬೇಗ, ಕುತ್ತಿಗೆ ನೋಯ್ತಿದೆ, ಅನ್ನುತ್ತಾರೆ. ಹಚ್ತೀನಿ ಇರಿ. ಬೆರಳು ಇಡುತ್ತೇನೆ, ಕಾಡಿಗೆಯ ಬೆರಳಲ್ಲ, ಇನ್ನೊಂದು ಕೈಯದು, ಬಿಸಿಲಿಗೆ ಬೆಚ್ಚಗಿದೆ, ಹಸುಗೂಸಿನ ನೆತ್ತಿಯ ಹಾಗೆ ಮೆತ್ತಗೆ, ಎಂಟಾಣೆ ಅಗಲ, ದುಂಡಗೆ, ಒಂದೇ ಒಂದು ಕೂದಲಿಲ್ಲ, ಎಂಟಾಣೆ ಅಗಲ, ದುಂಡಗೆ —