ನೀಲಿ ಸರ್ವಿ ಗಿಡ

ಪೇಂಟಿನ ವಾಸನಿ, ಇಲ್ಲೆ ಹ್ಯಾಂಗ, ಗುಮ್ಮಟದಾಗ ಲೋಬಾನ ವಾಸನಿ ಇರಬೇಕು, ಬಾವಲಿ ವಾಸನಿ, ಹಳೆ ಸುಣ್ಣದ್ದು — ಚಪ್ಪಲಿ ಬಿಟ್ಟು ಒಳಗ ಕಾಲಿಟ್ರ ಹಸರ, ನೆಲದಿಂದ ಎದಿಮಟ, ಎದಿಯಿಂದ ಕಮಾನಿನ ತನಕ ಹಸರ, ಮಿಂಚಾಕತ್ತೈತಿ, ಬಾ ಸುಜಾತಾ, ಚಂದ ಆಗೇತಿಲ್ಲ ಅಂತಾಳ ಅವ್ವ, ಸೆರಗು ಸೊಂಟಕ್ಕ ಸಿಗಿಸಿ ನಿಂತಾಳ, ನಾನು ಹೂಂ ಅಂದ್ನೋ ಇಲ್ಲೋ, ಅಳಬೇಕು, ಅಳು ಬರವಲ್ದು, ಬಸ್ಸಿನಾಗ ಕಾಲು ಜೋಮು ಹಿಡದಂಗ ಮೈಯೆಲ್ಲಾ ಜೋಮು, ಪಡುವಲ ಗ್ವಾಡಿ ಯಾವುದು, ಅದೂ ಹಸರ — ಸುಲ್ತಾನರ ಕಾಲದ ಯಾರೋ ಕಾರಕೂನ ನಮ್ಮೂರು ದಡ್ಡಿ ಕಡೆ ಹಾದು ಹೋಗುವಾಗ ಫಾರ್ಸಿಯೊಳಗ ಬರದಿಟ್ಟಾನ, ಹೊಳಿ ದಂಡಿ ಗೋರಿ, ಪಡುವಲ ಗ್ವಾಡಿ ಮ್ಯಾಲ ನೀಲಿ ಸರ್ವಿ ಗಿಡ, ಗಾಳಿ ಬೀಸಿದಂಗ ತುದಿ ಎಡಕ್ಕ ಬಾಗೇತಿ, ಅಷ್ಟ, ಅದನ್ನ ಓದಾಕ ಧಾರವಾಡದಾಗ ಕುಂತು ಅಲಿಫ್ ಬೇ ತಿದ್ದಿದೆ, ಲಿಂಗಾಯತರ ಹುಡುಗಿಗೆ ಇದ್ಯಾಕ ಬೇಕು ಅಂತ ಕಾಕಾ ನಕ್ಕಿದ್ದ, ಪಿಎಚ್‌ಡಿ ಗೈಡ್ ಸರ್ ನಗಲಿಲ್ಲ, ಆ ಫಾರ್ಸಿ ಮಂದಿ ಕಂಡಿದ್ದಕ್ಕೂ ಸರ್ವಿ ಗಿಡ, ಕಾಣದ್ದಕ್ಕೂ ಸರ್ವಿ ಗಿಡ ಬರೀತಾರ್ರಿ, ಗ್ವಾಡಿ ತೋರಸ್ರಿ, ಇಲ್ಲಾಂದ್ರ ಈ ಅಧ್ಯಾಯ ಕಿತ್ತು ಹಾಕ್ರಿ — ಗ್ವಾಡಿ ಐತ್ರಿ ಸರ್, ನಮ್ಮ ಹೊಲದ ಬಾಜೂಕಿನ ಗುಮ್ಮಟದಾಗ ಐತಿ, ಉರುಸಿಗೆ ಸುಣ್ಣ ಹಚ್ಚೋ ಸೇವಾ ನಮ್ಮ ಮನಿ ಹೆಣ್ಮಕ್ಕಳದ, ಅಜ್ಜಿ ಹಚ್ಚಿದ್ಲು, ಅಕಿ ಅತ್ತಿ ಹಚ್ಚಿದ್ಲು, ಪದರಿನ ಮ್ಯಾಲ ಪದರು, ಸುಣ್ಣಾನ ಅದನ್ನ ಕಾಯ್ದೈತಿ, ಮೆಲ್ಲಕ ಬಿಡಿಸಿದ್ರ ಸಿಗ್ತೈತ್ರಿ. ಆಗಲಿ, ಸೋಮವಾರ ಬರ್ತೀನಿ ಅಂದ್ರು ಸರ್.

ಅವ್ವಗ ಫೋನಿನಾಗ ಹೇಳಿದ್ದು ಇಷ್ಟ, ನಮ್ಮ ಸರ್ ಗುಮ್ಮಟದ ಗ್ವಾಡಿ ನೋಡಾಕ ಬರ್ತಾರ. ದೊಡ್ಡ ಮಂದಿ ಬರ್ತಾರಂದ್ರ ಪೊರಿ ಎದ್ದ ಗ್ವಾಡಿ ತೋರಸಾಕ ಆಗ್ತೈತೇನ ಯವ್ವಾ ಅಂತಾಳ ಈಗ, ನಿನ್ನ ಮರ್ಯಾದಿ ಏನಾಗಬೇಕು, ಹುಕ್ಕೇರಿಯಿಂದ ಆಯಿಲ್ ಪೇಂಟ್ ತರ್ಸಿದೆ, ಸುಣ್ಣದ ಮ್ಯಾಲ ಅದು ಹಿಡಿಯಂಗಿಲ್ಲಂತ, ನಾನು ಮುದಕವ್ವ ಕೂಡಿ ಕಲ್ಲು ಕಾಣೂಮಟ ಕೆರದ್ವಿ — ಬಾಜೂ ಮನಿ ಮುದಕವ್ವ, ಮೊಣಕಾಲು ನೋವು ಅನ್ನಾಕಿ, ಅಕಿನೂ ಕೆರದಾಳ ನನ್ನ ಸಲುವಾಗಿ, ಗಣಪನ್ನ ಮಾಡಾಕ ಹೋಗಿ ಅವರಪ್ಪನ್ನ ಮಾಡಿದಂಗ, ನಗಿನೂ ಬರವಲ್ದು, ಹಸರ ಮಿಂಚಾಕತ್ತೈತಿ — ಕಲ್ಲು ಕಾಣೂಮಟ ಅವ್ವಾ? ಹೂಂ, ಕಡೀಕ ನೀಲಿ ಬಂತು, ಯಾವ ಕಾಲದ ಹೊಲಸೋ ಏನೋ, ಗಿಡದಂಗ ಇತ್ತು, ತುದಿ ಒಂದು ಕಡೆ ಸೊಟ್ಟ, ಬಾಳ ಹಟಮಾರಿ, ತಂತಿ ಬ್ರಶ್ಶಿಗೂ ಬಿಡವಲ್ದು, ಉಗುರ್ಲೆ ಕೆರದೆ. ಯಾವ ಕಡೆ ಸೊಟ್ಟ? ಎಡಕ್ಕ. ಎಡಕ್ಕ, ಹಂಗಾರ ಆ ಕಾರಕೂನ ಕಣ್ಣಾರೆ ಕಂಡ ಬರದಾನ, ಅವ ಕಂಡ, ಅವ್ವ ಕಂಡ್ಲು, ನಾ ಕಾಣಲಿಲ್ಲ, ಸೋಮವಾರ ಸರ್‌ಗೆ ಏನ ಹೇಳಲಿ, ನಮ್ಮವ್ವ ಕಂಡಾಳ್ರಿ ಅಂತ ಬರೀಲೇನು, ಬಣ್ಣ ಸೇರಲಿಲ್ಲೇನ ಯವ್ವಾ, ಸೇರೇತಿ ಅವ್ವ, ಬಾಳ ಚಂದ ಐತಿ, ಅಕಿ ಮಾರಿ ಅರಳ್ತು, ನೋಡಿಲ್ಲೆ, ಎಷ್ಟ ತಿಕ್ಕಿದ್ರೂ ಹೋಗವಲ್ದು ಅಂತ ಕೈ ಚಾಚ್ತಾಳ, ಹೆಬ್ಬೆರಳು, ಉಗುರಿನ ಸಂದಿನಾಗ ನೀಲಿ — ತೊಳೀಬ್ಯಾಡ ಅವ್ವಾ, ಯಾಕ ಯವ್ವಾ, ತೊಳೀಬ್ಯಾಡ — ಉಗುರಿನ ಸಂದಿನಾಗ ನೀಲಿ, ಅವ್ವನ ಉಗುರು, ನೀಲಿ,