ಚಿನ್ನುವಿಗೆ ಹೇಳಿದ್ದು

ನರಸಯ್ಯ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡು, ಶಿವಣ್ಣನ ಚಟ್ಟ ಕಟ್ಟುತ್ತಿದ್ದವರನ್ನು ಹುಣಸೆಮರದ ಕೆಳಗಿನಿಂದಲೇ ಮನಸ್ಸಿನಲ್ಲಿ ಬೈಯುತ್ತಿದ್ದ. ಗಂಟು ಸಡಿಲ, ಬಿದಿರು ಎಳೆಯದು. ಹೋಗಿ ಹೇಳೋಣವೆಂದರೆ ಅದು ಶಿವಣ್ಣನ ಅಂಗಳ. ಸ್ವಂತ ಚಿಕ್ಕಪ್ಪನ ಮಗನೇ ಆದರೂ ನರಸಯ್ಯ ಅಲ್ಲಿಗೆ ಕಾಲಿಟ್ಟು ವರ್ಷಗಳೇ ಆಗಿದ್ದವು.

ಜಗಳ ಜಮೀನಿಗಲ್ಲ, ಹಾಲಿಗೆ. ಕ್ಯಾತನಹಳ್ಳಿ ಡೈರಿಯ ಮುಂದೆ ಊರೆಲ್ಲ ಸಾಲಿನಲ್ಲಿ ನಿಂತಿದ್ದಾಗ ಶಿವಣ್ಣ ಇವನ ಕ್ಯಾನಿನೊಳಗೆ ಇಣುಕಿ, "ಅಣ್ಣ, ಇದ್ರಲ್ಲಿ ಮೀನು ಸಾಕ್ಬೋದು ಕಣಣ್ಣ" ಎಂದುಬಿಟ್ಟಿದ್ದ. ಸಾಲಿಗೆ ಸಾಲೇ ನಕ್ಕಿತು. ನರಸಯ್ಯ ಮಾತು ಬಿಟ್ಟ. ನೀರು ಬೆರೆಸಿದ್ದು ನಿಜವೇ ಆಗಿದ್ದರಿಂದ ಸಿಟ್ಟು ಇಳಿಯಲೇ ಇಲ್ಲ.

"ಏನಣ್ಣ, ಈ ಉರಿಬಿಸ್ಲಲ್ಲಿ ಕಂಬ್ಳಿ?" ಪಕ್ಕದ ಮನೆಯ ಶಂಕರ್ ಕೇಳಿದ.

"ಸೂತಕ ಕಣ್ಲಾ."

"ಸೂತಕಕ್ಕೂ ಕಂಬ್ಳಿಗೂ ಏನಣ್ಣ ಸಂಬಂಧ?"

"ನಿಂಗೇನ್ಲಾ ಗೊತ್ತು ಸಾಸ್ತ್ರ!"

ಹಲ್ಲು ಕಟಕಟಿಸುತ್ತಿದ್ದುದರಿಂದ ಬೈಗುಳವೂ ತುಂಡುತುಂಡಾಗಿ ಬಂತು. ಕೆಲವು ದಿನಗಳಿಂದ ಸಂಜೆ ಹೊತ್ತಿಗೆ ಬರುತ್ತಿದ್ದ ಜ್ವರ ಇವತ್ತು ಬೆಳಿಗ್ಗೆಯೇ ಹಾಜರಾಗಿತ್ತು. ಶಿವಣ್ಣನಿಗೂ ಹೀಗೇ ಶುರುವಾಗಿತ್ತಂತೆ. ನರಸಯ್ಯ ಯಾರಿಗೂ ಹೇಳಿರಲಿಲ್ಲ.

ಶಂಕರ್ ಅಂಗಳಕ್ಕೆ ಹೋಗಿ ಹೆಣದ ಕಾಲ ಬಳಿ ಕುಸಿದ. "ಇವ್ರ ಕೊಟ್ಗೆ ಅಸಿ ಆಲು ಕುಡ್ದೇ ಬೆಳೆದೋನು ಕಣಕ್ಕ ನಾನು!" ಎಂದು ಗೋಳಾಡುತ್ತಿರುವಾಗ ಫೋನು ಬಂತು. ಗದ್ದಲದಲ್ಲಿ ಕೇಳಿಸದೆ ಶಿವಣ್ಣನ ಮಗ ಚಲುವರಾಜು ಸ್ಪೀಕರ್ ಹಾಕಿದ. ಆಸ್ಪತ್ರೆಯ ಲ್ಯಾಬಿನ ಡಾಕ್ಟರು, ಅರ್ಪಿತ.

"ನಿಮ್ಮ ತಂದೆಯ ರಕ್ತಾನ ಬಾಟಲಿಯಲ್ಲಿ ಬೆಚ್ಚಗೆ ಇಟ್ಟಿದ್ವಲ್ಲ, ಅದರಲ್ಲಿ ಈಗ ರೋಗಾಣು ಬೆಳೆದಿದೆ. ಬ್ರುಸೆಲ್ಲಾ ಅಂತ. ನಿಧಾನವಾಗಿ ಬೆಳೆಯೋ ಜಾತಿ, ಅದಕ್ಕೇ ತಡವಾಯ್ತು. ಮೊದಲು ಟೈಫಾಯಿಡ್ ಅಂದ್ಕೊಂಡಿದ್ವಿ. ಇದು ದನಗಳಿಂದ ಬರುತ್ತೆ. ಹಸಿ ಹಾಲು ಕುಡಿದರೆ, ಇಲ್ಲಾ ದಿನ ತುಂಬದೆ ಕಂದು ಹಾಕಿದ ಹಸುವನ್ನ ಬರಿಗೈಲಿ ಮುಟ್ಟಿದರೆ."

ಶಂಕರ್ ಅಳು ನಿಲ್ಲಿಸಿದ. "ನಾನು ಕುಡೀತಿದ್ದದ್ದು ಕಾಸಿದ್ ಆಲು," ಎಂದ. "ಅದೂ ಟೀಲಿ."

"ಜ್ವರ ಇಳೀದೆ ಅನುಮಾನ ಬಂದಾಗ, ಯಾವುದಾದ್ರೂ ಹಸು ಕಂದು ಹಾಕಿತ್ತಾ ಅಂತ ನಿಮ್ಮ ತಂದೇನ ಕೇಳಿದ್ವಿ, ಇಲ್ಲ ಅಂದ್ರು. ಜೊತೇಲಿ ಯಾರಾದರೂ ಇದ್ದು, ಅವರಿಗೂ ಜ್ವರ ಇದ್ದರೆ ಇವತ್ತೇ ಬರಲಿ. ಈಗಲಾದರೆ ಮಾತ್ರೆಯಲ್ಲೇ ವಾಸಿಯಾಗುತ್ತೆ. ಬಿಟ್ಟರೆ ಹೃದಯಕ್ಕೇ ಹೋಗಬಹುದು, ಇವರಿಗೆ ಆದ ಹಾಗೆ."

"ನಮ್ಮವು ಯಾವ್ದೂ ಕಂದಾಕಿಲ್ವಲ್ಲ ಮೇಡಂ," ಎಂದ ಚಲುವರಾಜು.

ಮರದ ಕೆಳಗೆ ನರಸಯ್ಯ ಕಂಬಳಿಯನ್ನು ತಲೆಯ ಮೇಲಕ್ಕೂ ಎಳೆದುಕೊಂಡ.

* * *

ಕೆಲವು ತಿಂಗಳ ಹಿಂದೆ ನರಸಯ್ಯನ ಹಸು ಚಿನ್ನು ದಿನ ತುಂಬುವ ಮೊದಲೇ ನೋವು ತಿನ್ನುತ್ತ ಬಿದ್ದಿತ್ತು. ಪಶುವೈದ್ಯರು ನಾಗಮಂಗಲದ ಕಡೆ ಮದುವೆಗೆ ಹೋಗಿದ್ದರು. ಕಬ್ಬಿನ ಸೋಗೆ ತರಚಿದ ಕೈಗಳೊಂದಿಗೆ ಗದ್ದೆಯಿಂದ ಬರುತ್ತಿದ್ದ ಶಿವಣ್ಣ ಕೂಗು ಕೇಳಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತ. ನರಸಯ್ಯನ ಮುಖ ನೋಡಲಿಲ್ಲ.

"ಚಿನ್ನು, ನಿಮ್ಮ ಯಜಮಾನ್ರಿಗೆ ಬಿಸ್ನೀರ್ ತರಕ್ಕೇಳವ್ವ."

"ಚಿನ್ನು, ತತ್ತಾವ್ನೆ ಅನ್ನು."

"ಬಾಲ ಇಡ್ಕೊಳಕ್ಕೇಳು."

"ಇಡ್ಕೊಂಡೇ ಅವ್ನೆ, ಕಣ್ ಕಾಣಾಕಿಲ್ವಾ ಅಂತ ಕೇಳು."

ಹೆರಿಗೆ ನೋವಿನ ಜೊತೆಗೆ ಪಾಪದ ಹಸುವಿಗೆ ಇಬ್ಬರ ನಡುವೆ ಸುದ್ದಿ ಮುಟ್ಟಿಸುವ ಕೆಲಸವೂ ಬಿತ್ತು. ಕರು ಸತ್ತೇ ಹುಟ್ಟಿತು, ಹಸು ಉಳಿಯಿತು. ಶಿವಣ್ಣ ಮೊಣಕೈವರೆಗೂ ತೊಳೆದುಕೊಂಡು, "ಬೇಜಾರ್ ಮಾಡ್ಕೊಬ್ಯಾಡ ಚಿನ್ನು. ಯಜಮಾನ್ರಿಗೂ ಅದ್ನೇ ಯೋಳು" ಎಂದು ಹೊರಟ. ಕರೆದು ಒಂದು ಲೋಟ ಕಾಫಿ ಕೊಡಬೇಕೆಂದು ನರಸಯ್ಯನ ಜೀವ ಹೊಡೆದುಕೊಂಡಿತು. ಹಾಳು ಬಾಯಿ ತೆರೆಯಲಿಲ್ಲ.

* * *

ಹೇಳಿದರೆ ಶಿವಣ್ಣನನ್ನು ತಿಂದವನು ನರಸಯ್ಯನೇ ಎಂದು ಊರು ಆಡಿಕೊಳ್ಳುತ್ತದೆ. ಹೇಳದಿದ್ದರೆ ಇನ್ನೊಂದು ಚಟ್ಟ, ಅದನ್ನೂ ಈ ದಡ್ಡರೇ ಕಟ್ಟುತ್ತಾರೆ. ನರಸಯ್ಯ ಅಂಗಳಕ್ಕೆ ನಡೆದೇಬಿಟ್ಟ.

"ನಮ್ ಚಿನ್ನು ಕಣವ್ವ ಕಂದಾಕಿದ್ದು!" ಎಂದು ಫೋನಿಗೆ ಬಗ್ಗಿ ಕಿರುಚಿದ. "ಕರ ಎಳ್ದೋನು ಶಿವ. ಬಾಲ ಇಡ್ಕೊಂಡಿದ್ದೋನು ನಾನು. ನಂಗೂ ಜ್ವರ ಬತ್ತಾದೆ."

ಚಲುವರಾಜು ದೊಡ್ಡಪ್ಪನನ್ನೇ ದುರುಗುಟ್ಟಿ ನೋಡಿದ. ಹೆಣದ ತಲೆಯ ಬಳಿ ಕೂತಿದ್ದ ಶಿವಣ್ಣನ ಹೆಂಡತಿ ಚಿಕ್ಕಬೋರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ನಂಗೆ ಗೊತ್ತಿತ್ತು ಬಾವ. ಡಾಕ್ಟ್ರಿಗೆ ಯೋಳಿ ಅಂದೆ. 'ಮಾತು ಬುಟ್ಟಿದ್ ತಮ್ಮನ ಕೈಲಿ ಕೆಲಸ ಮಾಡಿಸ್ಕಂಡ ಅಂತ ಅಣ್ಣನ್ನ ಊರೋರು ಆಡ್ಕೋತಾರೆ, ಬುಡು' ಅಂದ್ರು." ಗಂಡನ ಮುಖದ ಮೇಲೆ ಕೂತ ನೊಣ ಓಡಿಸಿದಳು. "ಅವತ್ತು ಕರ ಎಳ್ದು ಮನೇಗ್ ಬಂದೋರು, 'ಇವತ್ತು ಅಣ್ಣ ಮಾತಾಡ್ಸುದ ಕಣಮ್ಮಿ' ಅಂದ್ಕಂಡು ಒಂದ್ ಮುದ್ದೆ ಜಾಸ್ತಿ ಉಂಡ್ರು."

ನರಸಯ್ಯ ಅಲ್ಲೇ ಕೂತು, ಕಂಬಳಿ ಜಾರಿದ್ದೂ ತಿಳಿಯದೆ, ಮಗುವಿನ ಹಾಗೆ ಅತ್ತ. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಅತ್ತು ಸಾಕಾದ ಮೇಲೆ ಎದ್ದು, ಚಟ್ಟದ ಗಂಟುಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ.

ಮಣ್ಣು ಮುಗಿದ ಮೇಲೆ ಚಲುವರಾಜು ಬೈಕು ತಂದು ದೊಡ್ಡಪ್ಪನನ್ನು ಹಿಂದೆ ಕೂರಿಸಿಕೊಂಡ. ಆಸ್ಪತ್ರೆಯಲ್ಲಿ ನರ್ಸ್ ಸೌಮ್ಯಶ್ರೀ ನರಸಯ್ಯನ ತೋಳಿಗೆ ರಬ್ಬರು ಬಿಗಿದು, ರಕ್ತ ಎಳೆದು ಬಾಟಲಿಗೆ ತುಂಬಿದಳು.

"ಹೆಸರು ಹೇಳಿ ತಾತ."

"ಶಿವಣ್ಣನ ಅಣ್ಣ."

"ಅದಲ್ಲ ತಾತ, ನಿಮ್ಮ ಹೆಸರು."

"ಅದೇ ಕಣವ್ವ. ಬರ್ಕೊ."

ಸೌಮ್ಯಶ್ರೀ ಚಲುವರಾಜುವಿನ ಕಡೆ ನೋಡಿದಳು. ಅವನು ಗೋಡೆಯ ಕಡೆ ತಿರುಗಿ ಕಣ್ಣು ಉಜ್ಜಿಕೊಳ್ಳುತ್ತಿದ್ದ. ನರಸಯ್ಯ ಇನ್ನೂ ಬಿಸಿಯಿದ್ದ ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಅವಳು ಹೆಸರು ಬರೆಯುವವರೆಗೂ ಬೆಚ್ಚಗಿರಲೆಂದು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ.