ಮೇಜಿನ ಮೇಲಿದ್ದ ದುಭಾಷಿ

ನನ್ನ ಕತ್ತರಿಯನ್ನು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಹೊಲಿಗೆಯವರ ಕತ್ತರಿಯಲ್ಲಿ ಕಾಗದ ಕತ್ತರಿಸಿದರೆ ಹರಿತ ಹೋಗುತ್ತದೆ ಎಂದು ಮಕ್ಕಳಿಗೂ ಗೊತ್ತು, ಅತ್ತೆಗೂ ಗೊತ್ತು. ಹಾಗಾಗಿ ಮುಚ್ಚಿಡಬೇಕಾದದ್ದನ್ನೆಲ್ಲ ನಾನು ಕತ್ತರಿಯ ಚೀಲದಲ್ಲೇ ಇಡುತ್ತಿದ್ದೆ. ಈ ಸಲವೂ ಅದರ ಒಳಪದರದ ಹೊಲಿಗೆಯನ್ನು ಎರಡು ಬೆರಳಷ್ಟು ಬಿಚ್ಚಿ, ಬಸುರಾಗದ ಹಾಗೆ ನುಂಗುವ ಮಾತ್ರೆಯ ಮೂರು ಪಟ್ಟಿಗಳನ್ನು ಒಳಗೆ ತಳ್ಳಿ, ಮತ್ತೆ ಹೊಲಿದು, ಗಂಡ ಕೆಲಸ ಮಾಡುವ ದೇಶಕ್ಕೆ ಹೊರಟೆ.

ವಿಮಾನದಲ್ಲಿ ಕತ್ತರಿ ಒಯ್ಯುವ ಹಾಗಿಲ್ಲ ಎನ್ನುವುದು ಲೋಕಕ್ಕೆಲ್ಲ ಗೊತ್ತಂತೆ. ನನಗೆ ಗೊತ್ತಿರಲಿಲ್ಲ. ಹದಿನಾರು ವರ್ಷದಿಂದ ಅದು ನನ್ನ ಕೈಯ ಆರನೇ ಬೆರಳು. ತಪಾಸಣೆಯವನು ಚೀಲವನ್ನು ಎತ್ತಿ ಹಿಡಿದು, “ಇದನ್ನ ಇಲ್ಲೇ ಬಿಟ್ಟು ಹೋಗ್ಬೇಕಮ್ಮ” ಎಂದ. ಕತ್ತರಿ ನೀವೇ ಇಟ್ಟುಕೊಳ್ಳಿ, ಚೀಲ ಕೊಡಿ ಎಂದಿದ್ದರೆ ಕೊಡುತ್ತಿದ್ದನೋ ಏನೋ. ಆದರೆ ಖಾಲಿ ಚೀಲ ಯಾಕೆ ಎಂದು ಕೇಳಿದರೆ? ತಡವಿ ನೋಡಿದರೆ? ನನ್ನ ಹಿಂದೆ ಬೆಲ್ಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ ಗಂಡಸರ ಸಾಲು ನಿಂತಿತ್ತು. “ಹೋಗ್ಲಿ ಬಿಡಿ” ಎಂದೆ. ಚೀಲ ತೊಟ್ಟಿಗೆ ಬಿದ್ದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಇವರು ಆ ದೇಶದ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದರು. ಎರಡು ವರ್ಷಕ್ಕೊಮ್ಮೆ ನಲವತ್ತು ದಿನ ರಜೆ. ಹತ್ತು ವರ್ಷ ತುಂಬಿದವರ ಹೆಂಡತಿಯನ್ನು ಎರಡು ತಿಂಗಳ ಮಟ್ಟಿಗೆ ಕರೆಸಿಕೊಳ್ಳಲು ಕಂಪನಿ ಅನುಮತಿ ಕೊಟ್ಟಿತ್ತು. ಮಕ್ಕಳಿಬ್ಬರನ್ನೂ ಅಮ್ಮನ ಹತ್ತಿರ ಬಿಟ್ಟು ಬಂದಿದ್ದೆ. ದೊಡ್ಡವನಿಗೆ ಒಂಬತ್ತು, ಚಿಕ್ಕವಳಿಗೆ ಆರು. ಚಿಕ್ಕವಳು ಹುಟ್ಟಿದಾಗ ರಕ್ತ ನಿಲ್ಲದೆ ಮೂರು ದಿನ ಸಾವು ಬದುಕಿನ ನಡುವಿನ ಹೊಸ್ತಿಲ ಮೇಲೆ ಮಲಗಿದ್ದವಳು ನಾನು. ಅದನ್ನು ದಾಟಿ ಬಂದು, ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಾಕುವವಳಿಂದ ಶುರುವಾಗಿ, ಈ ಸಲ ಹಿಂತಿರುಗಿದ ವಾರವೇ ಕಟಿಂಗ್ ಮೇಜು ನನ್ನದು ಎಂದು ಮಾಲೀಕರ ಬಾಯಲ್ಲಿ ಹೇಳಿಸಿಕೊಂಡಿದ್ದೆ. ಆ ಮೇಜಿಗೆ ಅದುವರೆಗೆ ಒಬ್ಬ ಹೆಂಗಸೂ ಹೋದದ್ದಿಲ್ಲ. ಅರವತ್ತು ಪದರ ಬಟ್ಟೆಯ ಮೇಲೆ ಕತ್ತಿ ಓಡಿಸುತ್ತ ದಿನವಿಡೀ ನಿಲ್ಲಬೇಕು. ಬಸುರಿಗೆ ಆ ಮೇಜನ್ನು ಯಾರು ಕೊಡುತ್ತಾರೆ? ಇನ್ನೊಂದು ಹೆರಿಗೆಗೆ ಈ ಮೈಯಾದರೂ ಎಲ್ಲಿ ಒಪ್ಪುತ್ತದೆ?

ರಜೆಗೆ ಹೋಗಿದ್ದ ಮೇಸ್ತ್ರಿಯೊಬ್ಬರು ತಮ್ಮ ಒಂದು ಕೋಣೆಯ ಮನೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಇವರು ಗೋಡೆಗೆ ಸುಣ್ಣ ಹೊಡೆಸಿ, ಹೊಸ ಹೊದಿಕೆ ತಂದು, ಕಿಟಕಿಗೆ ಒಂದು ಪರದೆಯನ್ನೂ ಕಟ್ಟಿದ್ದರು. ಪರದೆ ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಉದ್ದದ ತುದಿಯನ್ನು ಬೆರಳಲ್ಲಿ ಮಡಿಸಿ ಸಮ ಮಾಡಿದೆ. ಆದರೂ ಮೊದಲ ದಿನವೇ ತಲೆನೋವು ಎಂದೆ. ಮರುದಿನವೂ ತಲೆನೋವು. ಒಂಬತ್ತು ದಿನ ಆ ತಲೆನೋವು ಬಿಡಲಿಲ್ಲ. ಇವರು ಪಾಪ, ಎರಡು ಬಗೆಯ ಮುಲಾಮು ತಂದರು, ತಾವೇ ಹಣೆಗೆ ಹಚ್ಚಿದರು, ದೀಪ ಕಣ್ಣಿಗೆ ಹೊಡೆಯುತ್ತದೇನೋ ಎಂದು ಬಲ್ಬಿಗೆ ಕಾಗದ ಸುತ್ತಿದರು. ಹತ್ತನೆಯ ದಿನ ಚಹಾ ಕುಡಿಯುತ್ತ ಕೂತಾಗ ನನಗೆ ತಡೆಯಲಾಗಲಿಲ್ಲ. ಚೀಲದ ಕಥೆ ಹೇಳಿಬಿಟ್ಟೆ. ತಲೆನೋವಿನ ವಿಷಯ ಮಾತ್ರ ಹೇಳಲಿಲ್ಲ.

ಇವರು ಗೊಳ್ಳೆಂದು ನಕ್ಕರು. “ಇಷ್ಟೇನಾ ಮಾಸ್ಟರೇ? ನಾನಿಲ್ವಾ? ಈಗ್ಲೇ ಔಷಧಿ ಅಂಗಡಿಗೆ ನಡಿ.” ಕಟಿಂಗ್ ಮೇಜಿನ ಸುದ್ದಿ ಕೇಳಿದಾಗಿನಿಂದ ನಾನು ಇವರಿಗೆ ಮಾಸ್ಟರು.

ಎದೆಯುಬ್ಬಿಸಿಕೊಂಡು ಅಂಗಡಿಯ ಒಳಗೆ ಹೋದರು. ನಾನು ಗಾಜಿನ ಆಚೆ ನಿಂತು ನೋಡುತ್ತಿದ್ದೆ. ಕೌಂಟರಿನ ತನಕ ಹೋದ ಎದೆ ಅಲ್ಲಿಗೆ ಮುಟ್ಟುವಾಗ ಹೊಟ್ಟೆಯೊಳಗೆ ಸೇರಿಕೊಂಡಿತ್ತು. ಹೊರಗೆ ಬಂದು ಕೈಗಿತ್ತದ್ದು ಗಂಟಲಿಗೆ ಚೀಪುವ ಮಾತ್ರೆ.

“ಇದೇನ್ರೀ?”

“ಒಳಗೆ ಜನ ಇದ್ರು ಕಣೇ. ಅಲ್ದೆ ಹೇಗೆ ಕೇಳೋದು? ನನಗೆ ಇಲ್ಲಿ ಮಾತು ಬರೋದು ಎತ್ತು, ಇಳಿಸು, ನಿಲ್ಲಿಸು ಅಷ್ಟೇ.”

“ನಿಲ್ಲಿಸು ಅಂತ ಬರುತ್ತಲ್ಲ! ಅಷ್ಟಂದಿದ್ರೆ ಸಾಕಿತ್ತು.”

ಕೊನೆಗೆ ನಾನೇ ಹೋದೆ. ಅಂಗಡಿಯ ಹೆಂಗಸಿನ ಎದುರು ಹೊಟ್ಟೆಯ ಮುಂದೆ ಗಾಳಿಯಲ್ಲಿ ಒಂದು ಕುಂಬಳಕಾಯಿ ಬರೆದು, ಕೈಯಾಡಿಸಿ, ಆ ದೇಶದ ‘ಬೇಡ’ ಎನ್ನುವ ಪದ ಹೇಳಿದೆ. ತರಕಾರಿ ಮಾರುವವರ ಹತ್ತಿರ ಕಲಿತ ಪದ, ನನಗೆ ಬರುತ್ತಿದ್ದದ್ದು ಅದೊಂದೇ. ಅವಳಿಗೆ ಕೂಡಲೇ ತಿಳಿಯಿತು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮೊದಲು ವೈದ್ಯರ ಚೀಟಿ ಬೇಕು ಎಂದು ಸನ್ನೆ ಮಾಡಿ, ಬಂದರಿನ ಹತ್ತಿರದ ಚಿಕಿತ್ಸಾಲಯದ ವಿಳಾಸ ಬರೆದುಕೊಟ್ಟಳು.

ಮರುದಿನ ಬೆಳಿಗ್ಗೆ ಇಬ್ಬರೂ ಹೋದೆವು. ಒಳಗೆ ಒಂದು ಮೇಜು, ತೂಕದ ಯಂತ್ರ, ಕಾಗದದ ಹಾಳೆ ಹಾಸಿದ ಮಂಚ. ವೈದ್ಯೆಗೆ ನನ್ನ ಅಮ್ಮನಿಗಿಂತ ನಾಲ್ಕೈದು ವರ್ಷ ಕಡಿಮೆ ಇದ್ದೀತು. ಮೋಟು ಕೂದಲು, ಕನ್ನಡಕ ದಾರಕ್ಕೆ ಕಟ್ಟಿ ಕೊರಳಲ್ಲಿ ತೂಗುತ್ತಿತ್ತು. ನಮ್ಮಿಬ್ಬರ ಮುಖ ನೋಡಿ ಒಂದು ಪಟ್ಟಿ ಮುಂದಿಟ್ಟರು. ಹತ್ತಾರು ಲಿಪಿಗಳ ನಡುವೆ ‘ಕನ್ನಡ’ ಎಂದಿತ್ತು. ತವರಿನವರು ಸಿಕ್ಕ ಹಾಗೆ ಅದರ ಮೇಲೆ ಬೆರಳಿಟ್ಟೆ. ಅವರು ಮೇಜಿನ ಮೇಲಿದ್ದ ಫೋನಿನ ಗುಂಡಿಗಳನ್ನು ಒತ್ತಿದರು. ಸ್ವಲ್ಪ ಹೊತ್ತು ಸಂಗೀತ. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು.

“ನಮಸ್ಕಾರ. ನಾನು ದುಭಾಷಿ.”

ಗಂಡಸಿನ ದನಿ. ವಯಸ್ಸಾದ ಗಂಡಸು, ನನ್ನ ಮಾವನ ವಯಸ್ಸು ಇರಬಹುದು. ಫೋನಿಗೆ ಕಣ್ಣಿಲ್ಲ ಎಂದು ಗೊತ್ತಿದ್ದರೂ ನನ್ನ ಕೈ ತಾನಾಗಿಯೇ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಿತು.

“ಈ ಕೋಣೇಲಿ ಯಾರು ಏನೇ ಮಾತಾಡಿದ್ರೂ ನಾನು ಇನ್ನೊಬ್ಬರಿಗೆ ಹೇಳ್ತೀನಿ. ಏನನ್ನೂ ಸೇರಿಸೋದಿಲ್ಲ, ಏನನ್ನೂ ಬಿಡೋದಿಲ್ಲ. ಅದು ನಿಯಮ. ವೈದ್ಯರ ಮಾತನ್ನ ಅವರೇ ಹೇಳಿದ ಹಾಗೆ ‘ನಾನು’ ಅಂತಲೇ ಹೇಳ್ತೀನಿ. ನಿಮ್ಮ ಮಾತನ್ನೂ ಹಾಗೇ. ಆಗಬಹುದಾ?”

ನಾವಿಬ್ಬರೂ ಫೋನಿಗೆ ತಲೆಯಾಡಿಸಿದೆವು. ವೈದ್ಯೆ ಏನೋ ಕೇಳಿದರು. “ಯಾತಕ್ಕೆ ಬಂದಿದ್ದೀರಿ, ಹೇಳಿ” ಎಂದಿತು ದನಿ.

ಕೈಯಲ್ಲಿ ಕುಂಬಳಕಾಯಿ ಬರೆದು ಪರದೇಶದವರಿಗೆ ತಿಳಿಸುವುದು ನೀರು ಕುಡಿದಷ್ಟು ಸುಲಭವಾಗಿತ್ತು. ಇಲ್ಲಿ ನನ್ನದೇ ಭಾಷೆ, ನನ್ನ ಬಾಯಿ ಕಟ್ಟಿಹೋಯಿತು. ಇವರ ಕಡೆ ಬಗ್ಗಿ ಪಿಸುಗುಟ್ಟಿದೆ. “ಅಯ್ಯೋ, ಗಂಡಸುರೀ! ಅದೂ ಮುದುಕರು. ನೀವೇ ಹೇಳ್ರೀ.”

ಫೋನು ಥಟ್ಟನೆ ಆ ದೇಶದ ಭಾಷೆಯಲ್ಲಿ ಏನೋ ಹೇಳಿತು. ವೈದ್ಯೆ ನಕ್ಕುಬಿಟ್ಟರು.

“ಅದನ್ನ ಯಾಕ್ರೀ ಹೇಳಿದ್ರಿ?” ಎಂದೆ ಫೋನಿಗೆ.

ಅದನ್ನೂ ಹೇಳಿತು.

ಇವರ ಹಣೆಯಲ್ಲಿ ಬೆವರು. ಬಾಯಿಗೆ ಅಂಗೈ ಅಡ್ಡ ಹಿಡಿದು, “ತಲೆನೋವು ಅಂತ ಹೇಳಿ ಎದ್ದು ಹೋಗೋಣ ನಡಿಯೇ” ಎಂದರು. ಅಂಗೈ ಎಷ್ಟು ಅಗಲವಾಗಿದ್ದರೂ ಫೋನಿನ ಕಿವಿ ಚುರುಕಿನದು. ಅದೂ ವೈದ್ಯೆಗೆ ಹೋಯಿತು. ಈ ಸಲ ವೈದ್ಯೆ ನಗಲಿಲ್ಲ. ಕನ್ನಡಕ ಏರಿಸಿ ಪೆನ್ನು ತೆಗೆದುಕೊಂಡರು.

“ನಿಮಗೆ ತಲೆನೋವು ಇದೆಯಾ? ಎಷ್ಟು ದಿನದಿಂದ? ಕಣ್ಣೆದುರು ಮಿಂಚಿನ ಹಾಗೆ ಬರುತ್ತಾ? ಸರಿಯಾಗಿ ಹೇಳಿ, ಕೆಲವು ಬಗೆಯ ತಲೆನೋವು ಇರೋರಿಗೆ ಕೆಲವು ಮಾತ್ರೆ ಕೊಡೋ ಹಾಗಿಲ್ಲ.”

“ಇದೆ ಅಂತ ಹೇಳಿ” ಎಂದರು ಇವರು, ಈಗ ಗಾಬರಿಯಿಂದ. “ಒಂಬತ್ತು ದಿನದಿಂದ ಇದೆ. ಎರಡು ಮುಲಾಮು ಹಚ್ಚಿದೀನಿ, ಬಗ್ಗಿಲ್ಲ.”

ದನಿ ಮುಲಾಮನ್ನೂ ಬಿಡದೆ ಹೇಳಿತು. ವೈದ್ಯೆ ಒಂದೊಂದನ್ನೇ ಬರೆದುಕೊಳ್ಳುತ್ತಿದ್ದರು. ಪೆನ್ನು ಆ ಕಡೆಗೆ ಓಡಿದಷ್ಟೂ ಮಾತ್ರೆ ನನ್ನಿಂದ ದೂರವಾಗುತ್ತಿತ್ತು.

“ಇಲ್ಲ” ಎಂದೆ. “ತಲೆನೋವು ಇಲ್ಲ. ನಾನು ಇವರಿಗೆ ಸುಳ್ಳು ಹೇಳ್ತಿದ್ದೆ. ಮಾತ್ರೆ ಕಳ್ಕೊಂಡಿದ್ದೆ, ಬಸುರಾದ್ರೆ ಅಂತ ಭಯ ಆಗಿತ್ತು.”

ದನಿ ಅಷ್ಟನ್ನೂ ದಾಟಿಸಿತು. ಇವರು ನನ್ನ ಕಡೆ ತಿರುಗಿದರು.

“ಸುಳ್ಳಾ? ಒಂಬತ್ತು ದಿನಾನೂ?”

ನಾನು ತಲೆ ತಗ್ಗಿಸಿದೆ. ಇವರು ಅಂಗೈಯ ಜಡ್ಡನ್ನು ಉಗುರಿನಿಂದ ಕೆರೆಯುತ್ತ ಕೂತರು. ಆಮೇಲೆ ಯಾರಿಗೂ ಅಲ್ಲದ ಹಾಗೆ ಹೇಳಿದರು, “ಎರಡೂ ಮಕ್ಕಳು ನಡಿಯೋದು ಕಲಿತಾಗ ನಾನು ಇರ್ಲಿಲ್ಲ. ಮಾತು ಕಲಿತಾಗ್ಲೂ ಇರ್ಲಿಲ್ಲ. ಇನ್ನೊಂದಾದ್ರೆ ಕೆಲಸ ಬಿಟ್ಟು ಊರಿಗೆ ಬಂದು, ಅದನ್ನಾದ್ರೂ ಎತ್ತಿ ಆಡಿಸ್ಬೋದು ಅಂತ ಒಂದೊಂದ್ಸಲ ಅನ್ಸುತ್ತೆ.”

ಹನ್ನೊಂದು ವರ್ಷದ ಸಂಸಾರದಲ್ಲಿ ಇವರು ಈ ಮಾತನ್ನು ನನಗೆ ಹೇಳಿರಲಿಲ್ಲ. ಹೇಳಿದ್ದು ನನಗೋ, ಫೋನಿಗೋ, ಗೋಡೆಗೋ ತಿಳಿಯಲಿಲ್ಲ. ಮೇಜಿನ ಮೇಲಿನ ದನಿ ಅದನ್ನೂ ಆ ಭಾಷೆಗೆ ಹೊತ್ತು ಹಾಕಿತು, ಈ ಸಲ ತುಸು ನಿಧಾನವಾಗಿ. ಎದ್ದು ಇವರ ಕೈ ಹಿಡಿಯಬೇಕೆನಿಸಿತು. ಅದರ ಜೊತೆಗೇ ಭಯವೂ ಆಯಿತು. ಇಂಥ ಮಾತಿನ ಎದುರು ಬೇಡ ಎನ್ನುವ ಹೆಂಗಸು ಎಂಥ ಕಲ್ಲು ಎಂದುಕೊಳ್ಳುವುದಿಲ್ಲವೇ ಇವರು? ಗಂಡ ಮಗು ಬೇಕೆಂದ ಮೇಲೆ ವೈದ್ಯೆ ಚೀಟಿ ಕೊಡುತ್ತಾರೆಯೇ?

ವೈದ್ಯೆ ಇವರಿಗೆ ಒಮ್ಮೆ ತಲೆಯಾಡಿಸಿ, ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಮಾತಾಡಿದರು. ದನಿ ಹೇಳಿತು:

“ನಿಮ್ಮ ಯಜಮಾನರ ಮಾತು ನನಗೆ ಅರ್ಥ ಆಯ್ತು. ಈಗ ನಿಮಗೇನು ಬೇಕು ಅಂತ ನೀವು ಹೇಳಿ. ಮೈ ನಿಮ್ಮದು. ನನಗೆ ನಿಮ್ಮ ಉತ್ತರ ಒಂದೇ ಸಾಕು.”

ಹೇಳಿದವರು ವೈದ್ಯೆ, ನನಗೆ ಗೊತ್ತು. ಆದರೆ ನನ್ನ ಕಿವಿಗೆ ಬಿದ್ದದ್ದು ಮಾವನ ವಯಸ್ಸಿನ ಗಂಡಸಿನ ದನಿ, ನನ್ನ ಮಾತಿನಲ್ಲಿ. ಅಂಥ ದನಿಗಳನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಓದು ಸಾಕು ಎಂದದ್ದು ಅಂಥದೇ ದನಿ, ಈ ಗಂಡೇ ಸರಿ ಎಂದದ್ದು, ಎರಡನೆಯದು ಬೇಗ ಆಗಲಿ ಎಂದದ್ದು. ನಿನಗೇನು ಬೇಕು ಎಂದು ಆ ದನಿ ಕೇಳಿದ್ದು ಅದೇ ಮೊದಲು. ಹೆಗಲ ಮೇಲೆ ಹಿಡಿದಿದ್ದ ಸೆರಗು ಯಾವಾಗ ಕೈಬಿಟ್ಟೆನೋ ಗೊತ್ತಿಲ್ಲ.

“ನನಗೆ ಇನ್ನೊಂದು ಮಗು ಬೇಡ” ಎಂದೆ. “ಹೋದ ಸಲವೇ ಸಾಯಬೇಕಿತ್ತು, ಉಳಿದೆ. ಇರೋ ಎರಡನ್ನ ಸಾಕ್ಬೇಕು. ಮೇಜಿನ ಮುಂದೆ ನಿಲ್ಬೇಕು, ನನಗೆ ಆ ಕೆಲಸ ಬೇಕು. ಇವರು ಬೇಡ ಅಂತಲ್ಲ. ಇವರು ಬೇಕು. ಮಗು ಬೇಡ.”

ಇವರು ಬೇಕು ಎನ್ನುವ ಮಾತು ಯಾಕೆ ಬಂತೋ, ಬಂದಾಗಿತ್ತು. ಮುದುಕರು ಗಂಟಲು ಸರಿಮಾಡಿಕೊಂಡು ಅದನ್ನೂ ಬಿಡದೆ ಹೇಳಿದರು. ನನಗೆ ತಿಳಿದದ್ದು ಒಂದೇ ಪದ. ತರಕಾರಿ ಅಂಗಡಿಯ ‘ಬೇಡ’ ಆ ದನಿಯಲ್ಲಿ ಮೂರು ಸಲ ಬಂದು ಹೋಯಿತು, ಗಟ್ಟಿಯಾಗಿ.

ಆಮೇಲೆ ಎಲ್ಲ ಸಲೀಸು. ಮುಟ್ಟಿನ ದಿನ ಕೇಳಿದರು, ಹೇಳಿದೆ. ಹೆರಿಗೆಯ ಕಥೆ ಕೇಳಿದರು, ರಕ್ತದೊತ್ತಡ ನೋಡಿದರು, ತೂಕ ನೋಡಿದರು. ದಿನಕ್ಕೊಂದು ಮಾತ್ರೆಯೂ ಇದೆ, ಮೂರು ತಿಂಗಳಿಗೆ ಒಂದು ಚುಚ್ಚುಮದ್ದೂ ಇದೆ, ಯಾವುದಾದೀತು ಎಂದರು. ಚುಚ್ಚುಮದ್ದು ಎಂದೆ. ಮುಚ್ಚಿಡಲು ಪಟ್ಟಿ ಇಲ್ಲ, ಬಿಚ್ಚಿ ಹೊಲಿಯಲು ಒಳಪದರ ಬೇಕಿಲ್ಲ. ಕಾಗದದ ಹಾಳೆಯ ಮೇಲೆ ಕೂತು ತೋಳು ಕೊಟ್ಟೆ. ಇರುವೆ ಕಚ್ಚಿದಷ್ಟು ನೋವು.

“ಮೊದಲ ಏಳು ದಿನ ಇದರ ಮೇಲೆ ಭರವಸೆ ಇಡೋ ಹಾಗಿಲ್ಲ” ಎಂದಿತು ದನಿ. “ಅಲ್ಲಿತನಕದ ಜವಾಬ್ದಾರಿ ನಿಮ್ಮ ಯಜಮಾನರದ್ದು.” ವೈದ್ಯೆ ಸೆಳೆಖಾನೆಯಿಂದ ಒಂದು ಸಣ್ಣ ಡಬ್ಬಿ ತೆಗೆದು ಇವರ ಕೈಗಿಟ್ಟರು. ನೂರು ಮಣ ಎತ್ತುವ ಮನುಷ್ಯ ಅದನ್ನು ಕಾದ ಕೆಂಡದ ಹಾಗೆ ಹಿಡಿದು ಅಂಗಿಯ ಜೇಬಿಗೆ ಹಾಕಿಕೊಂಡರು. ಜೇಬು ಉಬ್ಬಿತೆಂದು ಮೇಲೆ ಕೈ ಇಟ್ಟುಕೊಂಡರು. ನೋಡಿದವರು ಎದೆನೋವು ಅಂದುಕೊಳ್ಳಬೇಕು.

ಇನ್ನೇನಾದರೂ ಕೇಳುವುದಿದೆಯೇ ಎಂದರು ವೈದ್ಯೆ.

“ನಿಮ್ಮ ಊರು ಯಾವುದು?” ಎಂದೆ ಫೋನಿಗೆ.

ಅವರು ಅದನ್ನೂ ವೈದ್ಯೆಗೆ ದಾಟಿಸಿದರು. ವೈದ್ಯೆ ತಮ್ಮ ಊರಿನ ಹೆಸರು ಹೇಳಿದರು. ಅವರು ಅದನ್ನು ನನಗೆ ಹೇಳಿದರು. ನಿಯಮ ಎಂದರೆ ನಿಯಮ.

“ಕರೆ ಮುಗಿಸ್ತಿದ್ದೇನೆ” ಎಂದಿತು ದನಿ. ಆಮೇಲೆ, “ಒಳ್ಳೇದಾಗ್ಲಿ ತಾಯಿ.”

ಅಷ್ಟನ್ನು ಮಾತ್ರ ಅವರು ವೈದ್ಯೆಗೆ ಹೇಳಲಿಲ್ಲ.

ಹೊರಗೆ ಬಿಸಿಲು. ಮೈಯಿಂದ ಯಾರೋ ಅರವತ್ತು ಪದರ ಬಟ್ಟೆ ಎತ್ತಿ ಪಕ್ಕಕ್ಕಿಟ್ಟ ಹಾಗಿತ್ತು. ಇವರು ಜೇಬಿನ ಮೇಲೆ ಕೈ ಇಟ್ಟುಕೊಂಡೇ ಬಸ್ಸಿನ ನಿಲ್ದಾಣದವರೆಗೆ ನಡೆದರು. ಬೆಂಚಿನ ಮೇಲೆ ಕೂತ ಮೇಲೆ ಕೇಳಿದರು, “ಮುಲಾಮು ಉರೀಲಿಲ್ವಾ?”

“ಕಣ್ಣು ಕಿತ್ತು ಬರೋ ಹಾಗೆ ಉರೀತಿತ್ತು.”

“ಹೇಳ್ಬಾರ್ದಿತ್ತಾ?”

“ಹೇಳ್ಬೇಕಿತ್ತು. ನೀವು? ನೀವೂ ಹೇಳ್ಬಾರ್ದಿತ್ತಾ, ಇಷ್ಟು ವರ್ಷದಿಂದ?”

ಬಸ್ಸೊಂದು ಬಂದು ಜನ ಇಳಿಸಿ ಹೋಯಿತು, ನಮ್ಮದಲ್ಲ. ಇವರು ನೆಲ ನೋಡುತ್ತ ಕೇಳಿದರು, “ಚಿಕ್ಕವಳು ಮೊದಲ ಹೆಜ್ಜೆ ಇಟ್ಟಿದ್ದು ಎಲ್ಲಿ?”

“ನನ್ನ ಹೊಲಿಗೆ ಯಂತ್ರದಿಂದ ಬಾಗಿಲ ತನಕ. ಅಳತೆ ಟೇಪಿನ ಒಂದು ತುದಿ ಅವಳ ಕೈಲಿತ್ತು, ಇನ್ನೊಂದು ತುದಿ ನನ್ನ ಕೊರಳಲ್ಲಿ. ಟೇಪು ಬಿಗಿಯಾದಾಗ ದೊಪ್ಪಂತ ಕೂತಳು.”

“ಎಷ್ಟು ದೂರ?”

“ಐವತ್ತೆರಡು ಇಂಚು. ಟೇಪಿನಲ್ಲೇ ಇತ್ತಲ್ಲ.”

ಇವರು ಎರಡೂ ಕೈ ಚಾಚಿ ಗಾಳಿಯಲ್ಲಿ ಐವತ್ತೆರಡು ಇಂಚು ಅಳೆದು ನೋಡಿದರು. ಜೇಬಿನ ಡಬ್ಬಿ ಹೊರಗಿಣುಕಿದ್ದು ಇವರ ಗಮನಕ್ಕೆ ಬರಲಿಲ್ಲ. “ಮತ್ತೆ ದೊಡ್ಡವನು?” ಎಂದರು.

ದೊಡ್ಡವನದು ದೊಡ್ಡ ಕಥೆ. ಶುರು ಮಾಡಿದೆ. ನಮ್ಮ ಬಸ್ಸು ಬಂತು, ಹತ್ತಿದ ಮೇಲೂ ಹೇಳುತ್ತಲೇ ಹೋದೆ, ದನಿ ತಗ್ಗಿಸದೆ. ಅಲ್ಲಿ ನಮ್ಮ ಮಾತನ್ನು ಎತ್ತಿ ಇನ್ನೊಬ್ಬರಿಗೆ ದಾಟಿಸುವವರು ಯಾರೂ ಇರಲಿಲ್ಲ.